ನೀರಿನಲ್ಲಿನ ಅಟ್ರಜಿನ್ ಹಿಡಿಯಲು ಅಚ್ಚೊತ್ತಿದ ಪಾಲಿಮರ್: ತಯಾರಿಕೆ, ಬಳಕೆ

ಲೀಟರಿಗೆ 0.1 ಮೈಕ್ರೊಗ್ರಾಂನಷ್ಟು ಅಟ್ರಜಿನ್ ಕಳೆನಾಶಕವಿದ್ದರೂ ಮಾಮೂಲಿ ಸಿ18 ಕಾರ್ಟ್ರಿಜ್ (ಜಿಡ್ಡಿನ ಸ್ವಭಾವದ ಅಣುಗಳನ್ನು ಹಿಡಿಯುವ ಪುಡಿ ತುಂಬಿದ ಚಿಕ್ಕ ಕೊಳವೆ) ಹಿಡಿಯುತ್ತದೆ. ತೊಂದರೆಯೆಂದರೆ ಕೊಳೆತ ಸಸ್ಯಗಳಿಂದ ನೀರಿಗೆ ಬಂದ ಹ್ಯೂಮಿಕ್ ಕಸವನ್ನೂ ಹಿಡಿಯುತ್ತದೆ. ಅಣುವಿನ ಅಚ್ಚೊತ್ತಿದ ಪಾಲಿಮರ್ ಬೇಕಾಗುವುದು ಆಗ. ಅಚ್ಚಿನ ಅಣುವಿನ ಸುತ್ತ ಪಾಲಿಮರ್ ಕಟ್ಟಿ, ಆ ಅಣುವನ್ನು ತೊಳೆದು ತೆಗೆದರೆ ಅದರ ಆಕಾರದ ಗುಳಿ ಉಳಿದು, ಅಂಥ ಅಣುವನ್ನೇ ಆಯ್ದು ಹಿಡಿಯುತ್ತದೆ.

ಅಚ್ಚಿಗೆ ಅಟ್ರಜಿನ್ನನ್ನೇ ಬಳಸಬೇಡಿ. ಎಷ್ಟು ತೊಳೆದರೂ ಅಚ್ಚಿನ ಅಣು ಕೊಂಚ ಒಳಗುಳಿದು ಆಮೇಲೆ ಸೋರುತ್ತದೆ. ಅಳೆದದ್ದು ಮಾದರಿಯದೋ ಪಾಲಿಮರಿನದೋ ತಿಳಿಯದು. ಅದೇ ಬಳಗದ ಪ್ರೊಪಜಿನ್ ಬಳಸಿದರೆ ಸೋರಿದ್ದು ಎಲ್‌ಸಿಯಲ್ಲಿ (ದ್ರವ ಕ್ರೊಮ್ಯಾಟೋಗ್ರಫಿ, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಬೇರೆ ಶಿಖರವಾಗಿ ಕಾಣುತ್ತದೆ. (ಪ್ರೊಪಜಿನ್ನನ್ನೂ ಅಳೆಯಬೇಕಿದ್ದರೆ ಈ ದಾರಿ ಬೇಡ.)

ಗಾಜಿನ ನಳಿಕೆಯಲ್ಲಿ ಪ್ರೊಪಜಿನ್ 230 ಮಿ.ಗ್ರಾಂ, ಮೆಥಾಕ್ರಿಲಿಕ್ ಆಮ್ಲ 0.34 ಮಿ.ಲೀ., ಟಾಲ್ವೀನ್ 6 ಮಿ.ಲೀ. ಸೇರಿಸಿ ಪೂರ್ತಿ ಕರಗುವವರೆಗೆ ಕಲಕಿ. ಆಮೇಲೆ ಪಾಲಿಮರ್ ಸರಪಳಿಗಳನ್ನು ಬೆಸೆಯುವ ಇಜಿಡಿಎಂಎ (ಎಥಿಲೀನ್ ಗ್ಲೈಕಾಲ್ ಡೈಮೆಥಾಕ್ರಿಲೇಟ್) 3.8 ಮಿ.ಲೀ., ಕ್ರಿಯೆಯನ್ನು ಶುರುಮಾಡುವ ಎಐಬಿಎನ್ (ಅಜೋಬಿಸ್‌ಐಸೊಬ್ಯುಟಿರೊನೈಟ್ರೈಲ್) 70 ಮಿ.ಗ್ರಾಂ ಹಾಕಿ. ಇಜಿಡಿಎಂಎ ತಾನಾಗಿ ಗಟ್ಟಿಯಾಗದಂತೆ ಅದರಲ್ಲಿ ಬೆರೆಸಿರುವ ಪ್ರತಿಬಂಧಕವನ್ನು ಮೊದಲೇ ಕ್ಷಾರೀಯ ಅಲ್ಯುಮಿನಾ ಮೂಲಕ ಹಾಯಿಸಿ ತೆಗೆದಿರಬೇಕು. ನಳಿಕೆಯನ್ನು ಐಸಿನಲ್ಲಿಟ್ಟು 5–10 ನಿಮಿಷ ನೈಟ್ರೋಜನ್ ಹಾಯಿಸಿ, ಮುಚ್ಚಿ, 60 ಡಿಗ್ರಿಯಲ್ಲಿ 24 ಗಂಟೆ ಬಿಡಿ. ಗಟ್ಟಿಯಾಗದಿದ್ದರೆ ಬಹುಮಟ್ಟಿಗೆ ಕಾರಣ ಉಳಿದ ಆಮ್ಲಜನಕ ಅಥವಾ ಹಳೆಯ ಎಐಬಿಎನ್. ಪ್ರೊಪಜಿನ್ ಇಲ್ಲದ ಖಾಲಿ ಪಾಲಿಮರನ್ನೂ ಜೊತೆಗೇ ಮಾಡಿ. ಎಲ್ಲವೂ ಫ್ಯೂಮ್ ಹುಡ್ ಒಳಗೆ.

ಪುಡಿ ಮಾಡಿ, 25–50 ಮೈಕ್ರಾನ್ ಭಾಗವನ್ನು ಜರಡಿಯಲ್ಲಿ ಬೇರ್ಪಡಿಸಿ. ಅಸಿಟೋನಿನಲ್ಲಿ ಕದಡಿ, ತಳಕ್ಕಿಳಿಯದ ನುಣ್ಣನೆ ದೂಳನ್ನು ಬಸಿದುಬಿಡಿ. ಅದು ಉಳಿದರೆ ಕಾರ್ಟ್ರಿಜ್ ಕಟ್ಟಿಕೊಳ್ಳುತ್ತದೆ. ಬಳಿಕ ಮೆಥನಾಲ್–ಅಸಿಟಿಕ್ ಆಮ್ಲದಲ್ಲಿ (9:1) ಸಾಕ್ಸ್‌ಲೆಟ್ (ಕುದಿದು ತಣಿದ ದ್ರಾವಕದಿಂದ ಮತ್ತೆ ಮತ್ತೆ ತೊಳೆಯುವ ಗಾಜಿನ ಸಾಧನ) ನಡೆಸಿ, ಕೊನೆಗೆ ಬರೀ ಮೆಥನಾಲಿನಲ್ಲಿ. ಇಷ್ಟು ಗಂಟೆ ಎಂದು ಲೆಕ್ಕ ಹಾಕುವ ಬದಲು, ತೊಳೆದ ಮೆಥನಾಲಿನಲ್ಲಿ ಪ್ರೊಪಜಿನ್ ಶಿಖರ ಮಾಯವಾಗುವವರೆಗೆ ಮುಂದುವರಿಸಿ.

ಖಾಲಿ ಕಾರ್ಟ್ರಿಜ್‌ಗೆ ಈ ಪಾಲಿಮರ್ 200 ಮಿ.ಗ್ರಾಂ ತುಂಬಿ, ಮೆಥನಾಲ್, ನೀರು ಹಾಯಿಸಿ, ಸೋಸಿದ 100 ಮಿ.ಲೀ. ಮಾದರಿಯನ್ನು ನಿಧಾನವಾಗಿ ಬಿಡಿ. ಈ ಹಂತದಲ್ಲಿ ಪಾಲಿಮರ್ ಏನನ್ನೂ ಆಯ್ದು ಹಿಡಿಯುವುದಿಲ್ಲ: ನೀರು ಹೈಡ್ರೋಜನ್ ಬಂಧಗಳನ್ನು ಸಡಿಲಿಸುವುದರಿಂದ ಜಿಡ್ಡಿನ ಸ್ವಭಾವದ್ದೆಲ್ಲ ಅಂಟುತ್ತದೆ. ಅಚ್ಚಿನ ಕೆಲಸ ಶುರುವಾಗುವುದು ಒಣಗಿಸಿ ಟಾಲ್ವೀನಿನಲ್ಲಿ ತೊಳೆದಾಗಲೇ. ನಿರ್ವಾತದಲ್ಲಿ 15–20 ನಿಮಿಷ ಒಣಗಿಸಿ; ಅವಸರ ಮಾಡಿದರೆ ಉಳಿದ ನೀರು ಟಾಲ್ವೀನನ್ನು ರಂಧ್ರದೊಳಗೆ ಬಿಡದು, ಫಲಿತಾಂಶ ಸಲಕ್ಕೊಂದು ಥರ ಬರುತ್ತದೆ. 1 ಮಿ.ಲೀ. ಟಾಲ್ವೀನಿನಲ್ಲಿ ತೊಳೆದು, 3 ಮಿ.ಲೀ. ಮೆಥನಾಲಿನಲ್ಲಿ ಅಟ್ರಜಿನ್ ಇಳಿಸಿ, ಆರಿಸಿ, 0.5 ಮಿ.ಲೀ.ಗೆ ತನ್ನಿ. ಸಾಂದ್ರತೆ ಹೆಚ್ಚೆಂದರೆ 200 ಪಟ್ಟು ಏರುತ್ತದೆ. ಎಲ್‌ಸಿಯಲ್ಲಿ 220 ನ್ಯಾನೋಮೀಟರಿನ ನೇರಳಾತೀತ ಬೆಳಕಿನಲ್ಲಿ ನೋಡಿ.

ಖಾಲಿ ಪಾಲಿಮರಿನಲ್ಲೂ ಇದನ್ನೇ ನಡೆಸಿ. ಎರಡರಿಂದಲೂ ಅಷ್ಟೇ ಅಟ್ರಜಿನ್ ಬಂದರೆ ಟಾಲ್ವೀನ್ ಸಾಲಲಿಲ್ಲ, 0.5 ಮಿ.ಲೀ.ನಂತೆ ಏರಿಸುತ್ತ ಹೋಗಿ. ಎರಡರಲ್ಲೂ ಏನೂ ಉಳಿಯದಿದ್ದರೆ ಟಾಲ್ವೀನ್ ಕಡಿಮೆ ಮಾಡಿ. ಎಷ್ಟು ಬದಲಿಸಿದರೂ ವ್ಯತ್ಯಾಸ ಕಾಣದಿದ್ದರೆ ಅಚ್ಚೇ ಮೂಡಿಲ್ಲ; ಟಾಲ್ವೀನಿನಲ್ಲಿ ನೀರಿನಂಶವಿತ್ತೇ ನೋಡಿ, ಒಣಗಿಸಿದ ಟಾಲ್ವೀನಿನಿಂದ ಮತ್ತೆ ಮಾಡಿ.