ಹೂಮಳೆಗೆ ಮೊದಲೇ ಡ್ರಮ್ ಉಜ್ಜಿ

ಕೊಡಗಿನಲ್ಲಿ ಸೊಳ್ಳೆಯ ಚಿಂತೆ ಶುರುವಾಗುವುದು ಜೂನ್ ಬಂದ ಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ನೀರು ತುಂಬಿಡುವ ಡ್ರಮ್ಮಿನ ಒದ್ದೆ ಗೋಡೆಗೆ. ಮೊದಲ ಎರಡು-ಮೂರು ದಿನ ತೇವ ಸಿಕ್ಕಿ ಒಳಗೆ ಮರಿ ಬಲಿತರೆ ಸಾಕು. ಆಮೇಲೆ ನೀರು ಪೂರ್ತಿ ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ನೀರು ಮೇಲೇರಿ ಅದನ್ನು ಮುಳುಗಿಸಿದಾಗ ಒಡೆಯುತ್ತದೆ.

ನಮ್ಮಲ್ಲಿ ಬೇಸಿಗೆಯ ಆ ಮೊದಲ ನೀರು ಹೂಮಳೆಯದು, ಅಂದರೆ ಕಾಫಿ ಗಿಡ ಹೂ ಬಿಡಿಸುವ ಮಳೆಯದು. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ ಅಲ್ವಾ? ಬಿಸಿಲ ಕಾಲದಲ್ಲಿ ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರುವುದಕ್ಕೂ ಹೆಚ್ಚುಕಮ್ಮಿ ಅಷ್ಟೇ ದಿನ ಸಾಕು. ಎಲ್ಲ ಮೊಟ್ಟೆಯೂ ಒಂದೇ ಮಳೆಗೆ ಒಡೆಯುವುದಿಲ್ಲ. ಕೆಲವು ಮುಂದಿನ ಮಳೆಗೆ, ಇನ್ನು ಕೆಲವು ಮುಂಗಾರಿಗೆ ಕಾಯುತ್ತವೆ. ಹಾಗಾಗಿ ಫೆಬ್ರವರಿ ಕೊನೆಯಲ್ಲಿ ಒಮ್ಮೆ, ಮೇ ಕೊನೆಯಲ್ಲಿ ಇನ್ನೊಮ್ಮೆ ಮನೆ ಸುತ್ತ ಚೊಕ್ಕ ಮಾಡಿ ಡ್ರಮ್ ಉಜ್ಜುವ ಕೆಲಸ ಮಾಡಲೇಬೇಕು.

ಮೊದಲು ಮನೆ ಸುತ್ತ ಒಂದು ಸುತ್ತು ಬನ್ನಿ. ಹಳೇ ಟೈರು, ತೆಂಗಿನ ಚಿಪ್ಪು, ಉದುರಿದ ಅಡಿಕೆ ಹಾಳೆ, ಕಡಿದ ಬಿದಿರಿನ ಬುಡ, ಕಾಫಿ ಒಣಗಿಸಿದ ಮೇಲೆ ಮೂಲೆಗೆ ಎಸೆದ ಟಾರ್ಪಾಲಿನ ಮಡಿಕೆ. ಬೇಡದ್ದನ್ನು ಎಸೆಯಿರಿ, ಬೇಕಾದ್ದನ್ನು ಕವುಚಿಡಿ, ಬಿದಿರಿನ ಬುಡಕ್ಕೆ ಮಣ್ಣು ತುಂಬಿ.

ಈಗ ಡ್ರಮ್. ಜನ ಎಡವುವುದು ಇಲ್ಲೇ. ನೀರು ಚೆಲ್ಲಿ, ಸುಮ್ನೆ ಒಂದು ಚೊಂಬು ನೀರಿನಲ್ಲಿ ತೊಳೆದು, ಮತ್ತೆ ತುಂಬಿಸುತ್ತಾರೆ. ಗೋಡೆಗೆ ಅಂಟಿದ ಮೊಟ್ಟೆ ಅಲ್ಲೇ ಉಳಿಯುತ್ತದೆ, ಹೊಸ ನೀರು ಬಂದ ಕೂಡಲೇ ಒಡೆಯುತ್ತದೆ. ಡ್ರಮ್ ಖಾಲಿ ಮಾಡಿ ಬಿಸಿಲಿಗೆ ಓರೆಯಾಗಿಟ್ಟು ಒಳಗೆ ನೋಡಿ. ನೀರು ನಿಂತಿದ್ದ ಗೆರೆಯ ಆಸುಪಾಸಿನಲ್ಲಿ, ಕಾಫಿ ಪುಡಿ ಉದುರಿದ ಹಾಗೆ ಸಣ್ಣ ಕಪ್ಪು ಚುಕ್ಕೆಗಳು ಕಾಣಬಹುದು. ಕಾಣದಿದ್ದರೂ ಬಿಡಬೇಡಿ. ಗಟ್ಟಿ ಬ್ರಷ್ಷಿಗೆ ಸೋಪಿನ ಪುಡಿ ಹಚ್ಚಿ ತಳದಿಂದ ಬಾಯಿಯವರೆಗೂ ಒತ್ತಿ ಉಜ್ಜಿ. ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಉಬ್ಬು ಗೆರೆಗಳ ಸಂದು, ಅಂಚಿನ ಒಳಭಾಗ, ಮುಚ್ಚಳದ ತೋಡು, ಇವಕ್ಕೆ ಹಳೇ ಟೂತ್ ಬ್ರಷ್ಷೇ ಸರಿ. ಮೆತ್ತನೆ ಸ್ಪಂಜು ಇದಕ್ಕೆ ನಾಲಾಯಕ್ಕು, ತೆಂಗಿನ ನಾರು ಅದಕ್ಕಿಂತ ಎಷ್ಟೋ ವಾಸಿ. ಉಜ್ಜಿದ ನೀರಿನಲ್ಲೂ ಜೀವಂತ ಮೊಟ್ಟೆ ಇರುತ್ತದೆ. ಅದನ್ನು ಚರಂಡಿಗೂ ಹೂಕುಂಡದ ತಟ್ಟೆಗೂ ಸುರಿಯಬೇಡಿ. ನೀರು ನಿಲ್ಲದ ಕಡೆ, ಬಿಸಿಲಿನ ಒಣ ಮಣ್ಣಿಗೆ ಚೆಲ್ಲಿ.

ಕಾಯಿಲ್, ಲಿಕ್ವಿಡ್, ಹೊಗೆ ಮೆಷಿನ್ ಎಲ್ಲ ಹಾರುವ ಸೊಳ್ಳೆಗೆ ಮಾತ್ರ. ನೀರಿನ ಮೇಲೆ ಸುರಿಯುವ ಹಳೇ ಇಂಜಿನ್ ಆಯಿಲ್ ಮೊಟ್ಟೆಯಿಂದ ಬಂದ ಹುಳು (ಲಾರ್ವಾ) ಕೊಂದೀತು, ಗೋಡೆಯ ಮೊಟ್ಟೆಗೆ ಏನೂ ಆಗದು, ನೆಲವೂ ಹಾಳು. ದಯವಿಟ್ಟು ಆ ದಾರಿ ಹಿಡಿಯಬೇಡಿ.

ತುಂಬಿಸಿದ ಮೇಲೆ ಹಳೇ ಕಾಟನ್ ಸೀರೆ ಬಾಯಿಗೆ ಬಿಗಿಯಾಗಿ ಕಟ್ಟಿ. ಬಿರುಕು ಬಿಟ್ಟ ಮುಚ್ಚಳ ನಂಬಬೇಡಿ. ಕಟ್ಟಿದರೆ ಸಿಲ್ವರ್ ಓಕಿನ ಎಲೆಯೂ ಒಳಗೆ ಬೀಳದು. ಎಲೆ ಕೊಳೆತು ನೀರಿನ ಆಮ್ಲಜನಕ ಇಳಿದರೆ ಮೊಟ್ಟೆ ಇನ್ನೂ ಬೇಗ ಒಡೆಯುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಒಂದೇ ದಿನ ಗೊತ್ತು ಮಾಡಿಕೊಂಡು, ಖಾಲಿ ಮಾಡಿ ಉಜ್ಜಿ. ಕುಶಾಲನಗರದ ಬಿಸಿಗೆ ಹುಳು ಬೇಗ ಸೊಳ್ಳೆಯಾಗುತ್ತದೆ. ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿದೆ, ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಚಳಿಗೆ ಅಲ್ಲಿ ಹುಳು ಸೊಳ್ಳೆಯಾಗಲು ಎರಡು ವಾರಕ್ಕೂ ಜಾಸ್ತಿ ತೆಗೆದುಕೊಳ್ಳಬಹುದು. ಚಳಿ ಅಂತ ವಾರ ತಪ್ಪಿಸಬೇಡಿ. ಜಡಿಮಳೆಗೆ ಡ್ರಮ್ ಉಕ್ಕಿ ಹುಳು ಕೊಚ್ಚಿಹೋದರೂ ಗೋಡೆಯ ಮೊಟ್ಟೆ ಕದಲುವುದಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟು ಬಿಟ್ಟು ಬಂದು ಬಿಸಿಲು ಕಂಡಾಗ ಉಳಿದವು ಒಡೆಯುತ್ತವೆ. ಆಗ ಡ್ರಮ್ಮಿನ ಜೊತೆ ಫ್ರಿಜ್ಜಿನ ಹಿಂದಿನ ತಟ್ಟೆಯನ್ನೂ ಉಜ್ಜಿಡಿ.