ಕೊಟ್ಟಿಗೆಯ ಯೆಜ್ಡಿ: ಕಿಕ್ ಹೊಡೆಯುವ ಮೊದಲು

ಹಬ್ಬಕ್ಕೆ ಊರಿಗೆ ಹೋದಾಗ ಕೊಟ್ಟಿಗೆಯ ಮೂಲೆಯಲ್ಲಿ ಅಪ್ಪನ ಹಳೆಯ ಯೆಜ್ಡಿ ಬೈಕ್ ಕಣ್ಣಿಗೆ ಬೀಳುತ್ತದೆ. ಗೋಣಿಚೀಲ ಸರಿಸಿ, ಧೂಳು ಒರೆಸಿ, ಒಂದು ಲೀಟರ್ ಪೆಟ್ರೋಲ್ ಸುರಿದು ಕಿಕ್ ಹೊಡೆಯುತ್ತಾರೆ. ಇಪ್ಪತ್ತು ವರ್ಷ ಸುಮ್ನೆ ನಿಂತಾಗ ಆಗದಷ್ಟು ಹಾನಿ ಆ ಒಂದು ನಿಮಿಷದಲ್ಲಿ ಆಗುತ್ತದೆ. ನಾನೇ ಮೂರು ಗಾಡಿಗಳಲ್ಲಿ ನೋಡಿದ್ದೇನೆ. ಒಂದರಲ್ಲಿ ಪಿಸ್ಟನ್ ರಿಂಗ್ ಮುರಿದು ಸಿಲಿಂಡರ್ ಗೀರಿತು. ಇನ್ನೊಂದರಲ್ಲಿ ಕಿಕ್ಕಿನ ಹಲ್ಲು ಹೋಯಿತು. ಮೂರನೆಯದನ್ನು ಜೀಪಿಗೆ ಹಗ್ಗ ಕಟ್ಟಿ ಎಳೆಸಿದರು. ಅದು ಈಗಲೂ ಬಿಚ್ಚಿದ ಸ್ಥಿತಿಯಲ್ಲೇ ಮೂರು ಡಬ್ಬಗಳಲ್ಲಿದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಗಾಡಿ ಮಾಡಿತು, 1973ರಿಂದ ಯೆಜ್ಡಿ. 1996ರಲ್ಲಿ ಬಾಗಿಲು ಹಾಕಿತು. ಒರಿಜಿನಲ್ ಭಾಗ ಮುರಿದರೆ ಅಂಥದ್ದೇ ಇನ್ನೊಂದು ಸಿಗುವುದು ಕಷ್ಟ. ಹಾಗಾಗಿ ಇಲ್ಲಿ ಅವಸರಕ್ಕೆ ಜಾಗವಿಲ್ಲ.

ಮೊದಲ ದಿನ ಬಿಚ್ಚುವುದು ಬೇಡ. ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ, ವೈರ್‌ಗಳನ್ನಂತೂ ಹತ್ತಿರದಿಂದ. ಗಾಡಿಯನ್ನು ಗಾಳಿಯಾಡುವ ಜಾಗಕ್ಕೆ ತನ್ನಿ. ಹಳೆ ಪೆಟ್ರೋಲ್ ಕ್ಯಾನಿಗೆ ಇಳಿಸಿ ದೂರ ಇಡಿ. ಹತ್ತಿರದಲ್ಲಿ ಬೀಡಿ, ಗ್ರೈಂಡರ್ ಎರಡೂ ಬೇಡ. ಆರ್‌ಸಿ ಹುಡುಕಿಡಿ.

ಈಗ ಮುಖ್ಯ ಕೆಲಸ, ಎಂಜಿನ್ ಬಿಡಿಸುವುದು. ಪ್ಲಗ್ ಬಿಚ್ಚಿ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಎಂಜಿನ್ ಸೀಜ್ ಆಗಿರಲಿ (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರಲಿ), ಇಲ್ಲದಿರಲಿ, ಮೊದಲು ಎಣ್ಣೆ ಕುಡಿಸಬೇಕು. ನಾನು ಬಳಸುವುದು ಪವರ್ ಸ್ಟೀರಿಂಗ್ ಆಯಿಲ್ ಮತ್ತು ಥಿನ್ನರ್, ಅರ್ಧ ಅರ್ಧ. ಕಾಲು ಲೋಟದಷ್ಟು ಹಾಕಿ, ಪ್ಲಗ್ಗನ್ನು ಕೈಯಲ್ಲೇ ಸಡಿಲವಾಗಿ ಕೂರಿಸಿ. ನಾಲ್ಕು ದಿನ ಬಿಡಿ. ದಿನಕ್ಕೊಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಹಾಕಿ. ತುಕ್ಕು ತೆಗೆಯುವ ಸ್ಪ್ರೇ ಡಬ್ಬಿ ಹೊರಗಿನ ನಟ್ಟುಗಳಿಗೆ ಸರಿ. ಅದು ಬೇಗ ಆರಿಹೋಗುತ್ತದೆ, ಸಿಲಿಂಡರಿನ ಒಳಗೆ ಅದನ್ನೇ ನಂಬಬೇಡಿ.

ಐದನೆಯ ದಿನ ಪ್ಲಗ್ ತೆಗೆದು, ಟಾಪ್ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಮುಂದೆ ಹಿಂದೆ ಅಲ್ಲಾಡಿಸಿ. ತಿರುಗಿಸಬೇಡಿ, ಅಲ್ಲಾಡಿಸಿ ಅಷ್ಟೆ. ಒಂದು ನೂಲಿನಷ್ಟು ಅಲುಗಿದರೂ ಗೆದ್ದ ಹಾಗೆ. ಮತ್ತೆ ಎಣ್ಣೆ, ಮತ್ತೆ ಒಂದು ದಿನ. ಕಿಕ್ ಮುಟ್ಟಲೇಬಾರದು. ಈ ಗಾಡಿಯಲ್ಲಿ ಗೇರ್ ಪೆಡಲ್ಲೇ ಕಿಕ್ಕೂ ಹೌದು. ಅದನ್ನು ಹಾಳು ಮಾಡಿದರೆ ಎರಡೂ ಹೋದಂತೆ.

ವಾರ ಕಳೆದರೂ ಅಲುಗದಿದ್ದರೆ ಹೆಡ್ ಬಿಚ್ಚಿ. ಪಿಸ್ಟನ್ನಿನ ಮೇಲೆ ಸಾಗುವಾನಿ ಅಥವಾ ಯಾವುದೇ ಗಟ್ಟಿ ಮರದ ತುಂಡು ಇಟ್ಟು, ಅದರ ಮೇಲೆ ಮೆಲ್ಲಗೆ ತಟ್ಟಿ. ಸುತ್ತಿಗೆ ನೇರವಾಗಿ ತಾಗಿದರೆ ಪಿಸ್ಟನ್ ತೂತಾಗುತ್ತದೆ, ಅಲ್ಯೂಮಿನಿಯಂ ಅಲ್ವಾ. ತೀರಾ ಕೆಳಗೆ ಸಿಕ್ಕಿಕೊಂಡಿದ್ದರೆ ತಟ್ಟಿ ಪ್ರಯೋಜನವಿಲ್ಲ. ಆಗ ಸಿಲಿಂಡರಿಗೆ ಹೊರಗಿನಿಂದ ಬಿಸಿನೀರಿನ ಬಟ್ಟೆ ಸುತ್ತಿ, ಮತ್ತೆ ಚಕ್ರ ಅಲ್ಲಾಡಿಸಿ.

ಪಿಸ್ಟನ್ ಬಿಟ್ಟಿತು ಎಂದ ತಕ್ಷಣ ಸ್ಟಾರ್ಟ್ ಮಾಡುವ ಆಸೆ ಬರುತ್ತದೆ. ತಡೆದುಕೊಳ್ಳಿ. ಸಿಲಿಂಡರ್ ಎತ್ತಿ ಒಳಗೆ ನೋಡಲೇಬೇಕು. ಎತ್ತುವಾಗ ನೇರವಾಗಿ ಎತ್ತಿ, ಎಡಕ್ಕೋ ಬಲಕ್ಕೋ ತಿರುಗಿಸಬೇಡಿ. ಯೆಜ್ಡಿಯಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ರಿಂಗಿನ ಎರಡು ತುದಿ ಸೇರುವ ಬಾಯಿಯನ್ನು ಒಂದು ಸಣ್ಣ ಪಿನ್ ಹಿಡಿದಿರುತ್ತದೆ. ಸಿಲಿಂಡರ್ ತಿರುಗಿದರೆ ಆ ಬಾಯಿ ಸಿಲಿಂಡರ್ ಗೋಡೆಯ ಪೋರ್ಟಿನ ತೂತಿಗೆ ಸಿಕ್ಕಿ ರಿಂಗ್ ಪಟ್ ಎಂದು ಮುರಿಯುತ್ತದೆ. ಮತ್ತೆ ಕೂರಿಸುವಾಗಲೂ ಇದೇ ಎಚ್ಚರ ಬೇಕು. ಸಿಲಿಂಡರ್ ಮೇಲೇಳುತ್ತಿದ್ದಂತೆ ಕನೆಕ್ಟಿಂಗ್ ರಾಡ್ ಸುತ್ತ ಶುಭ್ರ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಲಾಕ್ (ಸಣ್ಣ ತಂತಿಯ ಕ್ಲಿಪ್) ಕೈಜಾರಿ ಒಳಗೆ ಬಿದ್ದರೆ, ಅದನ್ನು ತೆಗೆಯಲು ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ತೆಗೆದ ಲಾಕ್ ಮತ್ತೆ ಹಾಕಬೇಡಿ, ಹೊಸದೇ ಬೇಕು.

ಸಿಲಿಂಡರಿನ ಒಳಗೆ ಬೆರಳಾಡಿಸಿ. ಉಗುರಿಗೆ ಗೀರು ಸಿಕ್ಕರೆ ಲೇತ್ ಅಂಗಡಿಗೆ ಕೊಟ್ಟು ಬೋರ್ ಮಾಡಿಸಿ, ಅಂದರೆ ಒಳಗೆ ಕೊರೆದು ಸ್ವಲ್ಪ ಅಗಲ ಮಾಡಿಸಿ. ಹೊಸ ಪಿಸ್ಟನ್ ಮೊದಲು ಕೊಂಡು, ಅದನ್ನೇ ಅಂಗಡಿಯವರ ಕೈಗೆ ಕೊಡಿ. ಅದರ ಅಳತೆಗೆ ಬೋರ್ ಆಗಬೇಕು. ಬರೀ ತುಕ್ಕಿನ ಕಲೆಯಾದರೆ ಹೋನಿಂಗ್, ಅಂದರೆ ಒಳಮೈಯನ್ನು ಕಲ್ಲಿನಿಂದ ಹಗುರಾಗಿ ಉಜ್ಜಿಸುವುದು, ಸಾಕು.

ಎಂಜಿನ್ ಇಷ್ಟು ಬಿಚ್ಚಿದ ಮೇಲೆ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ರಬ್ಬರ್ ಆಯಿಲ್ ಸೀಲ್‌ಗಳನ್ನೂ ಬದಲಿಸಿಬಿಡಿ. ನಿಂತ ಗಾಡಿಯಲ್ಲಿ ಅವು ಒಣಗಿ ಕಲ್ಲಾಗಿರುತ್ತವೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಎಂಜಿನ್ ಗೇರ್‌ಬಾಕ್ಸಿನ ಎಣ್ಣೆ ಹೀರಿಕೊಂಡು ಬೀದಿ ತುಂಬ ಹೊಗೆ ಬಿಡುತ್ತದೆ. ಬಲಗಡೆ ಡೈನಮೋ ಹಿಂದಿನ ಸೀಲ್ ಹೋಗಿದ್ದರೆ ಗಾಳಿ ಎಳೆದುಕೊಳ್ಳುತ್ತದೆ. ಐಡ್ಲಿಂಗ್ ತಾನಾಗಿಯೇ ಏರುತ್ತದೆ, ಎಂಜಿನ್ ಕಾದು ಮತ್ತೆ ಸೀಜ್ ಆಗುತ್ತದೆ. ಹಳೆಯ ಗಾಡಿ ಅಂದರೆ ಹೊಗೆ ಬರೋದೇ ಎಂದು ಹೇಳುವ ಮೆಕ್ಯಾನಿಕ್ಕನ್ನು ಬಿಟ್ಟು ಬೇರೆಯವರನ್ನು ಹುಡುಕಿ. ಸೀಲ್‌ನಲ್ಲಿ ಅಗ್ಗದ ಮಾಲು ಕೊಳ್ಳಲೇಬೇಡಿ. ಒಳಗಿನ ಸ್ಪ್ರಿಂಗ್ ಸಡಿಲವಿದ್ದರೆ ಅಂಗಡಿಯಲ್ಲೇ ವಾಪಸ್ ಕೊಡಿ.

ಟ್ಯಾಂಕಿನ ತುಕ್ಕಿಗೆ ಬಾತ್‌ರೂಮ್ ಆಸಿಡ್ ಹಾಕುವವರಿದ್ದಾರೆ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ಪೆಟ್ರೋಲ್ ಕಾಕ್ ಬಿಚ್ಚಿ, ಆ ತೂತು ಮುಚ್ಚಿ, ಹುಣಸೆಹಣ್ಣಿನ ದಟ್ಟ ನೀರನ್ನೋ ವಿನೆಗರನ್ನೋ ತುಂಬಿಸಿ ಎರಡು ದಿನ ಇಡಿ. ಒಂದು ಹಿಡಿ ನಟ್ಟು ಹಾಕಿ ಕುಲುಕಿದರೆ ಪದರ ಬಿಡುತ್ತದೆ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಆಮೇಲೆ ಅಡುಗೆ ಸೋಡದ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಕೂಡಲೇ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಸವರಿ. ಒಂದು ರಾತ್ರಿ ಬರಿದಾಗಿ ಬಿಟ್ಟರೂ ಮತ್ತೆ ಕೆಂಪಾಗುತ್ತದೆ. ಒಳಗೆ ಬಣ್ಣದಂತೆ ಬಳಿಯುವ ಕೋಟಿಂಗ್ ಬೇಡ ಎಂಬುದು ನನ್ನ ಗಟ್ಟಿ ಮಾತು. ಎರಡು ಮಳೆಗಾಲ ಕಳೆದ ಮೇಲೆ ಅದು ಸಿಪ್ಪೆಯೆದ್ದು ಕಾರ್ಬೊರೇಟರಿಗೆ ಇಳಿಯುವುದನ್ನು ನೋಡಿದ್ದೇನೆ.

ಕಾರ್ಬೊರೇಟರ್ ಬಿಚ್ಚಿ ತೊಳೆಯಿರಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿಗೆ ತಂತಿ ತೂರಿಸಬೇಡಿ, ಗಾಳಿ ಹೊಡೆಸಿ. ಪೆಟ್ರೋಲ್ ಪೈಪ್ ಮತ್ತು ವಾಷರ್‌ಗಳನ್ನು ಹೊಸದು ಮಾಡಿ, ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಉಜ್ಜಿ 0.4 ಮಿ.ಮೀ. ಗ್ಯಾಪ್ ಇಡಿ. ಹೊಸ ಪ್ಲಗ್ ಹಾಕಿ. ಡೈನಮೋ ಮಾದರಿಗೆ 6 ವೋಲ್ಟ್ ಬ್ಯಾಟರಿ. ಟೈರ್, ಟ್ಯೂಬ್, ಬ್ರೇಕ್ ಲೈನರ್, ಕೇಬಲ್‌ಗಳು ನೋಡಲು ಚೆನ್ನಾಗಿದ್ದರೂ ಬದಲಿಸಿ. ಗೇರ್‌ಬಾಕ್ಸ್ ಎಣ್ಣೆಯನ್ನೂ.

ಪೇಂಟಿಂಗ್ ಕೊನೆಗೆ. ಕ್ರೋಮ್ ಹೊಳೆಯುತ್ತಿದ್ದು ಎಂಜಿನ್ ಸತ್ತ ಗಾಡಿಗಳು ಎಷ್ಟೋ ಮನೆಗಳಲ್ಲಿವೆ. ಟ್ಯಾಂಕಿನ ಮೇಲೆ ಕಾರ್ಖಾನೆಯ ಬಣ್ಣ ಅರ್ಧ ಉಳಿದಿದ್ದರೂ ಅದನ್ನು ಉಜ್ಜಿ ತೆಗೆಸಬೇಡಿ. ಪಾಲಿಶ್ ಮಾಡಿ ಹಾಗೇ ಉಳಿಸಿ. ಆ ಬಣ್ಣ ಒಂದು ಸಲ ಹೋದರೆ ಹೋಯಿತು.

ಕಾಗದದ ವಿಷಯ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಆರ್‌ಟಿಒ ಕಚೇರಿಯಲ್ಲಿ ನವೀಕರಿಸಿಕೊಳ್ಳಬೇಕು. 50 ವರ್ಷ ಮೀರಿದ, ಹೆಚ್ಚು ಬದಲಾವಣೆ ಮಾಡದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಸಿಗುತ್ತದೆ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆದರೆ ಅಂಥ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪೇಟೆಗೆ, ಕೆಲಸಕ್ಕೆ ಬೇಕೆನ್ನುವವರು ಮಾಮೂಲಿ ನೋಂದಣಿಯನ್ನೇ ಉಳಿಸಿಕೊಳ್ಳಲಿ.

ಈಗ ಸ್ಟಾರ್ಟ್. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ ಆಯಿಲ್ ಬೆರೆಸಿ. ಮೊದಲು ಸ್ವಿಚ್ ಹಾಕದೆ, ಪ್ಲಗ್ ಇಲ್ಲದೆ ಹತ್ತು ಸಲ ಮೆಲ್ಲಗೆ ಕಿಕ್ ಮಾಡಿ, ಒಳಗೆ ಉಳಿದ ಎಣ್ಣೆ ಹೊರಗೆ ಬರಲಿ. ಪ್ಲಗ್ ಹಾಕಿ, ಚೋಕ್ ಎಳೆದು, ಸ್ವಿಚ್ ಕೊಟ್ಟು ಹೊಡೆಯಿರಿ. ಮೊದಲ ಐದು ನಿಮಿಷ ಹೊಗೆ ಬರುತ್ತದೆ, ಅದು ನೀವೇ ಹಾಕಿದ ಎಣ್ಣೆ. ರೈಸ್ ಮಾಡಬೇಡಿ, ಡುಗುಡುಗು ಎಂದು ನಿಧಾನಕ್ಕೆ ಓಡಲಿ. ಹತ್ತು ನಿಮಿಷಕ್ಕೆ ಆಫ್ ಮಾಡಿ, ಪೂರ್ತಿ ಆರಲು ಬಿಟ್ಟು, ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿ ಮಾಡಿ. ಅಪ್ಪನನ್ನು ಕೂರಿಸಿಕೊಂಡು ಹೋಗುವುದು ಅದಾದ ಮೇಲೆ.