ಲಿಯಾನ್‌ನಲ್ಲಿ ಕೆಲವು ತಿಂಗಳು: ಊರಿನವರಂತೆ ಇರುವುದು ಹೇಗೆ?

ಓದಿಗೋ ತರಬೇತಿಗೋ ಕಂಪನಿಯ ಕೆಲಸಕ್ಕೋ ಆರೆಂಟು ತಿಂಗಳ ಮಟ್ಟಿಗೆ ಫ್ರಾನ್ಸಿನ ಲಿಯಾನ್ ನಗರಕ್ಕೆ ಬರುವ ನಮ್ಮವರಲ್ಲಿ ಹೆಚ್ಚಿನವರು ಮೊದಲ ತಿಂಗಳನ್ನು ಪ್ರವಾಸಿಗರಂತೆ ಕಳೆದು, ಎರಡನೆಯ ತಿಂಗಳಲ್ಲಿ ಮನೆ, ವಿಮೆ, ಕಾಗದಪತ್ರಗಳ ನಡುವೆ ಸಿಕ್ಕಿ ಒದ್ದಾಡುವುದನ್ನು ನೋಡುತ್ತ ಬಂದಿದ್ದೇನೆ. ಸೋನ್ ನದಿಯ ದಂಡೆಯ ಕೆಫೆಯಲ್ಲಿ ಕುಳಿತ ಮಾತ್ರಕ್ಕೆ ಊರು ಯಾರನ್ನೂ ತನ್ನವರೆಂದು ಒಪ್ಪಿಕೊಳ್ಳುವುದಿಲ್ಲ. ಬ್ಯಾಂಕ್ ಖಾತೆಯಿಂದ ಹಿಡಿದು ವಿದ್ಯುತ್ ಬಿಲ್ಲಿನವರೆಗೆ ಎಲ್ಲವೂ ಬಾಡಿಗೆ ಕರಾರಿನ ಬೆನ್ನಿಗೇ ಬರುವುದರಿಂದ ಈ ಲೇಖನದ ಹೆಚ್ಚಿನ ಭಾಗವನ್ನು ಮನೆಗೇ ಮೀಸಲಿಟ್ಟಿದ್ದೇನೆ.

ಹೊರಡುವ ಮುನ್ನ

ಬೆಂಗಳೂರಿನಿಂದ ಪ್ಯಾರಿಸ್ಸಿಗೆ ನೇರ ವಿಮಾನವಿದೆ. ಅಲ್ಲಿನ ವಿಮಾನ ನಿಲ್ದಾಣದಿಂದಲೇ ಹೊರಡುವ ಟಿಜಿವಿ ರೈಲು ಸುಮಾರು ಎರಡು ಗಂಟೆಯಲ್ಲಿ ಲಿಯಾನ್‌ನ ಪಾರ್ ದಿಯೂ ನಿಲ್ದಾಣ ಮುಟ್ಟಿಸುತ್ತದೆ. ದೀರ್ಘಾವಧಿ ವೀಸಾದ ಮೇಲೆ ಬಂದವರು ಮೂರು ತಿಂಗಳೊಳಗೆ ಅದನ್ನು ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸಬೇಕು. ಬಂದ ವಾರದಲ್ಲೇ ಆ ಕೆಲಸ ಮುಗಿಸಿಬಿಡಿ. ಅಲ್ಯೂಮಿನಿಯಂ ಕುಕ್ಕರನ್ನು ಹೊತ್ತು ತರಬೇಡಿ. ಇಲ್ಲಿನ ಎಷ್ಟೋ ಬಾಡಿಗೆ ಮನೆಗಳಲ್ಲಿರುವುದು ಇಂಡಕ್ಷನ್ ಒಲೆ, ಅದರ ಮೇಲೆ ಅಲ್ಯೂಮಿನಿಯಂ ಬಿಸಿಯೇ ಆಗುವುದಿಲ್ಲ; ಇಂಡಕ್ಷನ್‌ಗೆ ಹೊಂದುವ ಸ್ಟೀಲ್ ಕುಕ್ಕರನ್ನೇ ತನ್ನಿ. ಎಲ್ಲ ದೇಶಗಳಿಗೂ ಸಲ್ಲುತ್ತದೆಂದು ಮಾರುವ ಅಗ್ಗದ ಅಡಾಪ್ಟರುಗಳೂ ಬೇಡ, ತಿಂಗಳೊಪ್ಪತ್ತಿನಲ್ಲಿ ಸಡಿಲವಾಗಿ ಕಿಡಿ ಹಾರಿಸತೊಡಗುತ್ತವೆ. ಅದರ ಬದಲು ಫ್ರೆಂಚ್ ಪ್ಲಗ್ಗಿನ ಚಾರ್ಜರೊಂದನ್ನು ಇಲ್ಲೇ ಕೊಳ್ಳಿ.

ಬಡಾವಣೆಯ ಆಯ್ಕೆ

ಯುನೆಸ್ಕೋ ಪಟ್ಟಿಯಲ್ಲಿರುವ ಹಳೆಯ ಲಿಯಾನ್ ನೋಡಲು ಚೆಂದ, ವಾಸಕ್ಕೆ ಬೇಡ. ಕಲ್ಲುಹಾಸಿನ ಮೇಲೆ ಸೂಟ್‌ಕೇಸುಗಳ ಗಡಗಡ ಸದ್ದು ರಾತ್ರಿಯೂ ನಿಲ್ಲುವುದಿಲ್ಲ. ಕ್ರ್ವಾ ರೂಸ್ ಗುಡ್ಡ, ಗಿಯೋತಿಯೆರ್, ಮೋಂಪ್ಲೆಸಿರ್ ಅಥವಾ ಪಕ್ಕದ ವಿಲ್ಯೂರ್ಬಾನ್‌ನಲ್ಲಿ ಹುಡುಕಿ. ಕ್ರ್ವಾ ರೂಸ್‌ನ ಹಳೆಯ ರೇಷ್ಮೆ ನೇಕಾರರ ಮನೆಗಳು ಜಕಾರ್ಡ್ ಮಗ್ಗಗಳು ಹಿಡಿಸಲೆಂದು ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ ಕಟ್ಟಿದವು. ಬೆಳಕು ಧಾರಾಳವಾಗಿದ್ದರೂ ಚಳಿಗಾಲದಲ್ಲಿ ಬಿಸಿಯೆಲ್ಲ ಚಾವಣಿಗೆ ಏರಿ ಕುಳಿತುಬಿಡುತ್ತದೆ. ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ಕೂಡ ಇರುವುದಿಲ್ಲ. ಹಾಗಾಗಿ ಮನೆ ನೋಡುವಾಗಲೇ ಎರಡು ಪ್ರಶ್ನೆ ಕೇಳಿ: ಬಿಸಿ ವ್ಯವಸ್ಥೆ ಇಡೀ ಕಟ್ಟಡಕ್ಕೆ ಸೇರಿದ್ದೋ ನಿಮ್ಮ ಮೀಟರಿನದೋ, ಮತ್ತು ಮನೆಯ ಇಂಧನ ದರ್ಜೆ ಯಾವುದು. ಎ ಇಂದ ಜಿ ವರೆಗಿನ ಈ ದರ್ಜೆಯಲ್ಲಿ ಕೊನೆಯದಾದ ಜಿ ಮನೆಗಳನ್ನು 2025ರ ಜನವರಿಯಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ.

ಕಡತ ಮತ್ತು ಕರಾರು

ನಮ್ಮವರು ಮೊದಲು ಎಡವುವುದು ಇಲ್ಲಿ. ನಮ್ಮಲ್ಲಿ ಮನೆ ನೋಡಿ, ಮಾಲೀಕರೊಡನೆ ನಾಲ್ಕು ಮಾತಾಡಿ, ಮುಂಗಡ ಕೊಟ್ಟರೆ ಮುಗಿಯಿತು. ಇಲ್ಲಿ ಮನೆ ನೋಡಲು ಹೋಗುವಾಗಲೇ ‘ದೊಸಿಯೆ’ ಎಂದು ಕರೆಯುವ ಕಡತ ಸಿದ್ಧವಾಗಿರಬೇಕು. ಸಂಜೆ ಕಳಿಸುತ್ತೇನೆ ಎಂದವರಿಗೆ ಸಂಜೆಯ ಹೊತ್ತಿಗೆ ಮನೆ ಇರುವುದಿಲ್ಲ. ಗುರುತಿನ ಚೀಟಿ, ಈಗಿನ ವಿಳಾಸದ ಪುರಾವೆ, ಕೆಲಸದ ಅಥವಾ ಕಾಲೇಜಿನ ಪತ್ರ, ಆದಾಯದ ಪುರಾವೆ ಇಷ್ಟು ಸಾಕು. ಊರಿನಿಂದ ತಂದ ಪತ್ರಗಳು ಫ್ರೆಂಚ್ ಅನುವಾದದೊಡನೆ ಇರಲಿ. ಸರ್ಕಾರದ್ದೇ ಆದ ‘ದೊಸಿಯೆ ಫಾಸಿಲ್’ ಜಾಲತಾಣದಲ್ಲಿ ಇವನ್ನೆಲ್ಲ ಹಾಕಿದರೆ, ಪರಿಶೀಲಿಸಿ ಮಾಲೀಕರಿಗೆ ಕಳಿಸಬಹುದಾದ ಒಂದೇ ಕೊಂಡಿಯನ್ನು ಉಚಿತವಾಗಿ ಕೊಡುತ್ತಾರೆ. ಬ್ಯಾಂಕ್ ಖಾತೆಯ ವಹಿವಾಟಿನ ವಿವರವನ್ನು ಮಾಲೀಕರು ಕೇಳುವಂತಿಲ್ಲ, ಕೇಳಿದರೆ ಕೊಡಬೇಡಿ. ಕರಾರಿಗೆ ಸಹಿ ಬೀಳುವ ಮೊದಲು ಒಂದು ಯೂರೋವನ್ನೂ ಯಾರಿಗೂ ಕಳಿಸಬೇಡಿ. ತಾನು ಪರದೇಶದಲ್ಲಿದ್ದೇನೆ, ಹಣ ಬಂದರೆ ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ ಎನ್ನುವ ಮಾಲೀಕ ಮಾಲೀಕನೇ ಅಲ್ಲ.

ಮಾಲೀಕರು ಸಾಮಾನ್ಯವಾಗಿ ಬಾಡಿಗೆಯ ಮೂರು ಪಟ್ಟು ಆದಾಯವನ್ನೂ ಫ್ರಾನ್ಸಿನಲ್ಲಿರುವ ಜಾಮೀನುದಾರರನ್ನೂ ಕೇಳುತ್ತಾರೆ. ಪರಿಚಯದವರನ್ನು ಜಾಮೀನಿಗಾಗಿ ಕಾಡುವುದಕ್ಕಿಂತ ‘ವಿಸಾಲ್’ ಎಂಬ ಉಚಿತ ಜಾಮೀನಿಗೆ ಅರ್ಜಿ ಹಾಕುವುದು ಲೇಸು. 18ರಿಂದ 30 ವರ್ಷದವರಿಗೂ, ಅಲ್ಪಾವಧಿ ಕರಾರಿನ ಮೇಲೆ ಬರುವ ಬೇರೆ ವಯಸ್ಸಿನವರಿಗೂ ಅದು ಸಿಗುತ್ತದೆ, ಆದರೆ ಕರಾರಿಗೆ ಸಹಿ ಮಾಡುವ ಮೊದಲೇ ಕೈಯಲ್ಲಿರಬೇಕು. ಈ ಅಲ್ಪಾವಧಿ ಕರಾರಿನ ಹೆಸರು ‘ಬಾಯ್ ಮೊಬಿಲಿತೆ’. ಒಂದರಿಂದ ಹತ್ತು ತಿಂಗಳ ಅವಧಿಯ ಈ ಕರಾರು ಓದು, ತರಬೇತಿ, ತಾತ್ಕಾಲಿಕ ಕೆಲಸಗಳಿಗೆ ಬಂದವರಿಗೆಂದೇ 2018ರ ಕಾಯ್ದೆಯಿಂದ ಜಾರಿಗೆ ಬಂದದ್ದು. ಇದರಲ್ಲಿ ಮುಂಗಡ ಕೇಳುವಂತೆಯೇ ಇಲ್ಲ. ಪೀಠೋಪಕರಣಸಹಿತ ಮನೆಯ ಸಾಮಾನ್ಯ ಕರಾರಿನಲ್ಲಿ ಎರಡು ತಿಂಗಳ ಬಾಡಿಗೆಯವರೆಗೆ ಮುಂಗಡ ಪಡೆಯಬಹುದು. ಲಿಯಾನ್ ಮತ್ತು ವಿಲ್ಯೂರ್ಬಾನ್‌ಗಳಲ್ಲಿ 2021ರ ನವೆಂಬರಿನಿಂದ ಬಾಡಿಗೆಗೆ ಮಿತಿಯಿದ್ದು, ಆ ಮಿತಿಯನ್ನು ಕರಾರಿನಲ್ಲೇ ನಮೂದಿಸಬೇಕು. ಆ ಸಾಲು ಖಾಲಿಯಿದ್ದರೆ ಏಕೆಂದು ಕೇಳಿ.

ಕೀಲಿ ಪಡೆಯುವ ದಿನ

ಕೀಲಿ ಕೊಡುವ ದಿನ ಮಾಲೀಕರ ಕಡೆಯವರು ನಿಮ್ಮೊಡನೆ ಮನೆ ಸುತ್ತಿ ‘ಎತಾ ದೆ ಲಿಯೋ’ ಎಂಬ ಸ್ಥಿತಿವರದಿ ಬರೆಯುತ್ತಾರೆ. ಅವರು ಹತ್ತು ನಿಮಿಷದಲ್ಲಿ ಮುಗಿಸಲು ನೋಡುತ್ತಾರೆ. ನೀವು ಒಂದು ಗಂಟೆ ತೆಗೆದುಕೊಳ್ಳಿ. ಪ್ರತಿ ಕೋಣೆಗೂ ‘ಸುಸ್ಥಿತಿ’ ಎಂದು ಬರೆದುಕೊಂಡು ಹೋಗುವ ಕಾಗದಕ್ಕೆ ಸಂಕೋಚದಿಂದ ಸಹಿ ಹಾಕಿದವರೇ ಬಿಡುವಾಗ ಬೇರೆ ಯಾರೋ ಮಾಡಿದ ಗೀರಿಗೂ ದಂಡ ತೆರುತ್ತಾರೆ. ಒಲೆಯ ಗಾಜಿನ ಮೇಲಿನ ಗೀರು, ಓವನ್ನಿನ ಒಳಗಿನ ಕರಿ, ಹಾಸಿಗೆಯ ಅಡಿಬದಿಯ ಕಲೆ, ನಲ್ಲಿಯ ಬುಡದ ಬಿಳಿ ಸುಣ್ಣ, ಅರ್ಧಕ್ಕೆ ನಿಲ್ಲುವ ಕಿಟಕಿಯ ಷಟರ್, ಕೀಲಿಗಳ ಸಂಖ್ಯೆ, ವಿದ್ಯುತ್ ಮತ್ತು ನೀರಿನ ಮೀಟರಿನ ಅಂಕಿ, ಇವೆಲ್ಲ ವರದಿಯಲ್ಲಿ ಬರಬೇಕು. ಜೊತೆಗೆ ನೀವೂ ಫೋಟೋ ತೆಗೆದಿಟ್ಟುಕೊಳ್ಳಿ. ಷವರ್ ಬಿಟ್ಟು ನೋಡಿ, ಫ್ಲಷ್ ಎಳೆದು ಕಾಯಿರಿ. ಕಣ್ತಪ್ಪಿ ಬಿಟ್ಟದ್ದನ್ನು ಸೇರಿಸಬೇಕೆಂದು ಹತ್ತು ದಿನದೊಳಗೆ ಬರೆದು ಕೇಳಬಹುದು, ಹೀಟರಿನ ವಿಷಯದಲ್ಲಿ ಚಳಿಗಾಲದ ಮೊದಲ ತಿಂಗಳಿಡೀ ಆ ಅವಕಾಶವಿದೆ. ಅಡುಗೆಮನೆಯ ಕಟ್ಟೆ ಬಿಳಿಯದಾಗಿದ್ದರೆ ಅದರ ಮೇಲೆ ಅಂದೇ ಒಂದು ದೊಡ್ಡ ಹಲಗೆ ಹಾಕಿಬಿಡಿ, ಅರಿಶಿನದ ಕಲೆ ಯಾವ ದ್ರಾವಣಕ್ಕೂ ಪೂರ್ತಿ ಬಿಡುವುದಿಲ್ಲ.

ಅದೇ ದಿನ ಅಂಚೆಪೆಟ್ಟಿಗೆಯ ಮೇಲೂ ಬಾಗಿಲ ಬಳಿಯ ಕರೆಗಂಟೆಯ ಫಲಕದಲ್ಲೂ ನಿಮ್ಮ ಹೆಸರು ಹಾಕಿಸಿ. ಇಲ್ಲಿನ ಹೆಚ್ಚಿನ ಕಟ್ಟಡಗಳಲ್ಲಿ ಫ್ಲ್ಯಾಟ್‌ಗೆ ನಂಬರು ಇರುವುದಿಲ್ಲ, ಅಂಚೆಯವರು ಹುಡುಕುವುದು ಹೆಸರನ್ನು ಮಾತ್ರ. ಹೆಸರಿಲ್ಲದ ಕಾರಣಕ್ಕೆ ಬ್ಯಾಂಕ್ ಕಾರ್ಡ್ ಮರಳಿ ಹೋಯಿತೆಂದು ವಾರಗಟ್ಟಲೆ ಅಲೆಯುವ ಹೊಸಬರು ಪ್ರತಿ ವರ್ಷವೂ ಸಿಗುತ್ತಾರೆ.

ಸ್ನಾನದ ಮನೆ

ನಮ್ಮ ಬಚ್ಚಲಿನಂತೆ ನೆಲದಲ್ಲೇ ನೀರು ಹರಿದುಹೋಗುವ ವ್ಯವಸ್ಥೆ ಇಲ್ಲಿನ ಹಳೆಯ ಮನೆಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಬಕೆಟ್ಟಿನಲ್ಲಿ ತುಂಬಿಕೊಂಡು ಚೊಂಬಿನಿಂದ ಸುರಿದುಕೊಳ್ಳುವವರು ತೊಟ್ಟಿಯ ಒಳಗೇ ಕೂರಬೇಕು. ಹೊರಗೆ ಚೆಲ್ಲಿದ ನೀರು ಮರದ ನೆಲದಲ್ಲಿ ಇಳಿದು ಕೆಳಗಿನ ಮನೆಯವರ ಚಾವಣಿಯಲ್ಲಿ ಹಳದಿ ವೃತ್ತವಾಗಿ ಮೂಡುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಈ ಮಾತನ್ನು ಮೊದಲ ಬೆಳಿಗ್ಗೆಯೇ ಹೇಳಿಬಿಡಬೇಕು. ಬಾಡಿಗೆದಾರರಿಗೆ ಗೃಹವಿಮೆ ಕಡ್ಡಾಯವಾಗಿರುವುದು ಇಂಥವಕ್ಕಾಗಿಯೇ. ನೀರು ಇಳಿದದ್ದು ಗೊತ್ತಾದರೆ ಕೆಳಗಿನವರ ಬಾಗಿಲು ತಟ್ಟಿ, ಇಬ್ಬರೂ ಸೇರಿ ವಿಮಾ ನಮೂನೆ ತುಂಬಿ, ಐದು ಕೆಲಸದ ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಿ. ಅಡಗಿಸಿಡುವವರಿಗೆ ಇಲ್ಲಿ ಕ್ಷಮೆಯಿಲ್ಲ, ತಾವಾಗಿ ಬಂದು ಹೇಳುವವರೊಡನೆ ನೆರೆಯವರು ಆಮೇಲೆ ಚೆನ್ನಾಗಿಯೇ ಇರುತ್ತಾರೆ.

ಸಂತೆ, ಅಂಗಡಿ, ಊಟ

ಅಂಗಡಿಯ ಹೊಸ್ತಿಲು ದಾಟಿದೊಡನೆ ‘ಬೋಂಜೂರ್’, ಸಂಜೆಯಾದರೆ ‘ಬೋಂಸ್ವಾರ್’. ಇದನ್ನು ಹೇಳದೆ ನೇರವಾಗಿ ಬೆಲೆ ಕೇಳಿದವರಿಗೆ ಬರುವ ಒರಟು ಉತ್ತರವನ್ನೇ ನಮ್ಮವರು ಫ್ರೆಂಚರ ದರ್ಪವೆಂದು ದೂರುತ್ತಾರೆ. ಕ್ರ್ವಾ ರೂಸ್ ಬೀದಿಯ ತರಕಾರಿ ಸಂತೆ ಸೋಮವಾರ ಬಿಟ್ಟು ಎಲ್ಲ ಬೆಳಗೂ ಇರುತ್ತದೆ. ಮಾರುವವರು ತಾವೇ ಆರಿಸಿಕೊಡುವ ಕಟ್ಟೆಗಳಲ್ಲಿ ಹಣ್ಣನ್ನು ಮುಟ್ಟಿ ಒತ್ತಿ ನೋಡಬೇಡಿ. ಕರಬೂಜ ಕೇಳಿದರೆ ಇವತ್ತಿಗೋ ನಾಳೆಗೋ ಎಂದು ಕೇಳಿ, ತೊಟ್ಟಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿ, ಮೂಸಿ, ಆ ಹೊತ್ತಿಗೆ ಸರಿಯಾಗಿ ಹಣ್ಣಾಗುವುದನ್ನೇ ಕೊಡುತ್ತಾರೆ. ಚೌಕಾಸಿ ಇಲ್ಲ. ಬ್ರೆಡ್ ಅಂಗಡಿಯಲ್ಲಿ ‘ತ್ರಾದಿಸಿಯೋಂ’ ಎಂದೇ ಕೇಳಿ. 1993ರ ಆದೇಶದ ಪ್ರಕಾರ ಅದನ್ನು ಹಿಟ್ಟನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸದೆ, ಕೃತಕ ಪದಾರ್ಥ ಬೆರೆಸದೆ ಮಾಡಬೇಕು. ಸೂಪರ್ ಮಾರ್ಕೆಟ್ಟಿನ ಅರೆಬೆಂದ ಬಾಗೆತ್ ಸಂಜೆಗೆ ರಬ್ಬರಾಗುತ್ತದೆ. ಬೇಳೆ, ಅಕ್ಕಿ, ಸಾಂಬಾರ ಪದಾರ್ಥಗಳಿಗೆ ಗಿಯೋತಿಯೆರ್‌ನ ಅಂಗಡಿಗಳು ಸಾಕು.

ಸಸ್ಯಾಹಾರಿಗಳು ಈ ಊರಿನ ‘ಬೂಷೋಂ’ ಎಂಬ ಸಾಂಪ್ರದಾಯಿಕ ಹೋಟೆಲುಗಳಲ್ಲಿ ಎಚ್ಚರವಾಗಿರಬೇಕು: ಲಿಯಾನ್ ಸಲಾಡಿನಲ್ಲಿ ಹಂದಿಮಾಂಸದ ತುಂಡುಗಳಿರುತ್ತವೆ, ಬಿಳಿ ಕಡುಬಿನಂತೆ ಕಾಣುವ ಕನೆಲ್‌ನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ತಾಜಾ ಗಿಣ್ಣಿಗೆ (ಚೀಸ್‌ಗೆ) ಬೆಳ್ಳುಳ್ಳಿ, ಸೊಪ್ಪು, ಎಣ್ಣೆ ಕಲಸಿದ ‘ಸೆರ್ವೆಲ್ ದ ಕಾನ್ಯೂ’ವನ್ನು ಬೆಂದ ಆಲೂಗಡ್ಡೆಯೊಡನೆ ಕೇಳಿ, ಆದರೆ ಇಲ್ಲಿನ ಬಹುಪಾಲು ಗಿಣ್ಣನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದ ಕಿಣ್ವದಿಂದ ಎಂಬುದು ಕಟ್ಟುನಿಟ್ಟಿನವರಿಗೆ ಗೊತ್ತಿರಲಿ. ಕುಡಿಯಲು ಹೂಜಿಯ ನಲ್ಲಿನೀರು ಉಚಿತ.

ಮಧ್ಯಾಹ್ನ ಎರಡರ ಮೇಲೆ ಹೆಚ್ಚಿನ ಅಡುಗೆಮನೆಗಳು ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನ ಬೀದಿಯೇ ಮುಚ್ಚುತ್ತದೆ. ಆದ್ದರಿಂದ ಹಾಲು, ಔಷಧ ಶನಿವಾರವೇ ತಂದಿಡಿ. ರಾತ್ರಿ ಹತ್ತರ ಮೇಲೆ ಮಿಕ್ಸಿ, ವಾಷಿಂಗ್ ಮಷೀನ್ ಬೇಡ. ಮೆಟ್ರೋಗೆ ತಿಂಗಳ ಪಾಸು ಮಾಡಿಸಿ, ಪ್ರತಿ ಬಾರಿ ಹತ್ತುವಾಗಲೂ ಯಂತ್ರಕ್ಕೆ ತೋರಿಸಿ. ಡಿಸೆಂಬರ್ 8ರ ಸಂಜೆ ಊರಿನವರು 1852ರಿಂದ ನಡೆದುಬಂದಂತೆ ಕಿಟಕಿಯ ಅಂಚಿಗೆ ಗಾಜಿನ ಬಟ್ಟಲುಗಳಲ್ಲಿ ದೀಪ ಇಡುತ್ತಾರೆ. ನೀವೂ ಇಡಿ, ನಡುಪೇಟೆಯ ನೂಕುನುಗ್ಗಲಿಗೆ ಹೋಗಬೇಡಿ.

ಮನೆ ಬಿಡುವಾಗ

ಅವಧಿಗೆ ಮೊದಲೇ ಬಿಡುವುದಾದರೆ ಒಂದು ತಿಂಗಳ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ನಲ್ಲಿಯ ಸುಣ್ಣಕ್ಕೆ ಅಂಗಡಿಯ ದುಬಾರಿ ಸ್ಪ್ರೇ ಬೇಡ, ಅಗ್ಗದ ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ರಾತ್ರಿ ಸುತ್ತಿಟ್ಟರೆ ಬೆಳಿಗ್ಗೆಗೆ ಬಿಟ್ಟಿರುತ್ತದೆ. ಬರುವಾಗಿನ ವರದಿಗೂ ಹೋಗುವಾಗಿನ ವರದಿಗೂ ವ್ಯತ್ಯಾಸವಿಲ್ಲದಿದ್ದರೆ ಮುಂಗಡವನ್ನು ಒಂದು ತಿಂಗಳಲ್ಲಿ, ಇದ್ದರೆ ಕಡಿತ ಮಾಡಿ ಎರಡು ತಿಂಗಳಲ್ಲಿ ಮರಳಿಸಬೇಕು. ಆ ಹಣವೂ ವಿದ್ಯುತ್ತಿನ ಕೊನೆಯ ಲೆಕ್ಕವೂ ಬಂದು ಬೀಳುವುದು ಇಲ್ಲಿನ ಖಾತೆಗೇ ಆದ್ದರಿಂದ, ಊರು ಸೇರಿದ ಮೇಲೂ ಮೂರು ತಿಂಗಳು ಆ ಖಾತೆಯನ್ನು ಮುಚ್ಚಬೇಡಿ.